ಶಿವರಾತ್ರಿಯೊಳಗೆ ಮೂರು ಹೆಣಿಗೆ



ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಕೌದಿಯ ವಿಷಯ ಬರೆದಾಗ ಅನೇಕ ಸಹೋದರಿಯರು ಒಂದು ಮಾತು ಕೇಳಿದ್ದರು: ‘ಕೌದಿ ಆಯಿತು, ಉಣ್ಣೆಯ ಹೆಣಿಗೆಯ ಬಗ್ಗೆ ಯಾವಾಗ ಬರೆಯುತ್ತೀರಿ?’ ಆಗ ಬರೆಯದಿರಲು ಕಾರಣವಿತ್ತು. ನಮ್ಮ ಮನೆಯಲ್ಲಿಯೇ ಮೂರು ಹೆಣಿಗೆಗಳು ಕಡ್ಡಿಯ ಮೇಲಿದ್ದವು, ಒಂದೂ ಮುಗಿದಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಮಡಿಲಲ್ಲಿಟ್ಟುಕೊಂಡು ಇತರರಿಗೆ ಹೇಳಹೊರಡುವುದು ತರವಲ್ಲವೆಂದು ಸುಮ್ಮನಿದ್ದೆವು. ಈಗ ಮಾಘಮಾಸ ನಡೆದಿದೆ. ಎರಡು ಹೆಣಿಗೆಗಳು ಮುಗಿದು ಮೈಮೇಲೇರಿವೆ. ಮೂರನೆಯದಕ್ಕೆ ಒಂದು ತೋಳು ಬಾಕಿಯಿದೆ. ಶಿವರಾತ್ರಿ ಬಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆಂದು ನಮ್ಮ ಹಿರಿಯರ ಮಾತು. ಉಳಿದವರಿಗೆ ಅದು ಗಾದೆ, ಹೆಣೆಯುವವರಿಗೆ ಗಡುವು.

ಉಣ್ಣೆ ನಮ್ಮ ನಾಡಿಗೆ ಹೊಸದಲ್ಲ. ಚಳ್ಳಕೆರೆಯ ಕಂಬಳಿಯನ್ನು ಅರಿಯದವರಾರು? ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟಾದುದು. ಹೊಲದ ಮಳೆಗೆ, ಹಾಸಿಗೆಗೆ, ಗದ್ದುಗೆಗೆ ಅದು ಹೇಳಿ ಮಾಡಿಸಿದಂತಿದ್ದರೂ ಬರಿಮೈಗೆ ಚುಚ್ಚುತ್ತದೆ. ಎರಡು ಕಡ್ಡಿ ಹಿಡಿದು ಹೆಣೆಯುವ ಈ ವಿದ್ಯೆ ಭಾರತದ ಮನೆಗಳಿಗೆ ಹರಡಿದ್ದು ೧೯ನೆಯ ಶತಮಾನದಲ್ಲಿ, ಮಿಶನರಿಗಳ ಹೆಣ್ಣುಮಕ್ಕಳ ಶಾಲೆಗಳಿಂದಲೂ ಆಂಗ್ಲ ಅಧಿಕಾರಿಗಳ ಮನೆಗಳಿಂದಲೂ. ಅದಕ್ಕೆ ಮೊದಲು ನಮ್ಮ ಕೂಸುಗಳ ತಲೆ ಕಾಯ್ದದ್ದು ಕಸೂತಿ ಹಾಕಿದ ಬಟ್ಟೆಯ ಕುಲಾವಿ ಮತ್ತು ಕುಂಚಿಗೆ. ಇರಲಿ. ಕಡ್ಡಿ ಹೊರಗಿನದಾದರೂ ದಾರದ ನಂಟು ನಮಗೆ ಹಳೆಯದು. ಕದಿರ ರೆಮ್ಮವ್ವೆ ನೂಲುವ ಕಾಯಕದಲ್ಲಿದ್ದಳು, ಜೇಡರ ದಾಸಿಮಯ್ಯನವರು ಮಗ್ಗದ ಮುಂದಿದ್ದರು, ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ತಂದು ಹಗ್ಗ ಹೊಸೆದರು. ಆ ಸಾಲಿನಲ್ಲಿ ಹೆಣಿಗೆಯೂ ಕುಳಿತುಕೊಳ್ಳಬಹುದೆಂದು ನಾವು ನಂಬಿದ್ದೇವೆ.

ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳ ಪರ್ಯಂತ ಪುರಾಣ ನಡೆಯುತ್ತದೆ. ನಮ್ಮ ಮೂರೂ ಹೆಣಿಗೆಗಳ ಮೊದಲ ಕುಣಿಕೆಗಳು ಬಿದ್ದದ್ದು ಆ ದಿನಗಳಲ್ಲಿಯೇ. ಹಿರಿಯರೊಬ್ಬರು ಇದನ್ನು ಆಕ್ಷೇಪಿಸಿದರು. ಪುರಾಣ ಕೇಳುವಾಗ ಕೈಯಲ್ಲಿ ಕಡ್ಡಿ ಆಡಿಸುವುದು ಅವರಿಗೆ ಅಗೌರವವೆನಿಸಿತು. ಅವರ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಹಳ ಯೋಚಿಸಿದ ಮೇಲೆ ನಮಗೆ ಕಂಡದ್ದು ಇಷ್ಟು: ಒಂದು ಸುಲ್ಟಾ, ಒಂದು ಉಲ್ಟಾ ಎಂದು ಸಾಗುವ ಸರಳವಾದ ಅಂಚುಪಟ್ಟಿಯಾದರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ಕಿವಿ ಪುರಾಣಿಕರ ಬಳಿಯಲ್ಲಿಯೇ ಇರುತ್ತದೆ. ಸಾಲು ಎಣಿಸಬೇಕಾದ, ಎಲೆ ಬಳ್ಳಿ ಮೂಡಿಸುವ ಹೆಣಿಗೆಯಾದರೆ ಕಥೆಯೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ. ಅದು ಮನೆಯಲ್ಲಿಯೇ ಇರಲಿ. ಮಂಗಲವಾಗುವಾಗ ಕಡ್ಡಿ ಚೀಲದೊಳಗೆ ಹೋಗಬೇಕು. ಆ ಹಿರಿಯರು ಇದನ್ನು ಪೂರ್ತಿ ಒಪ್ಪಲಿಲ್ಲ. ಆದರೆ ಮುಂದಿನ ವಾರ ತಮ್ಮ ಮಫ್ಲರಿನ ಬಿಚ್ಚಿದ ಅಂಚನ್ನು ತೋರಿಸಿ, ಇದನ್ನು ಸರಿಮಾಡಿ ಕೊಡಲು ಬರುವುದೇ ಎಂದು ಕೇಳಿದರು.

ಮೂರರಲ್ಲಿ ಮೊದಲನೆಯದು ನಮ್ಮ ಮಾವನವರ ಸ್ವೆಟರ್. ಅವರಿಗೆ ೮೦ ದಾಟಿದೆ. ನಮ್ಮ ಬೆಳಗಾವಿ ಸೀಮೆಯ ಧನುರ್ಮಾಸದ ಚಳಿಯಲ್ಲಿಯೂ ಬೆಳಗಿನ ನಾಲ್ಕೂವರೆಗೆ ಎದ್ದು, ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತುಕೊಳ್ಳುವವರು. ಅವರ ಪೆಟ್ಟಿಗೆಯಲ್ಲಿ ಮೂರು ಒಳ್ಳೆಯ ಸ್ವೆಟರುಗಳಿವೆ. ಮಕ್ಕಳು, ಬೀಗರು ಪ್ರೀತಿಯಿಂದ ಕೊಟ್ಟವು. ಒಂದನ್ನೂ ಅವರು ಹಾಕಿಕೊಳ್ಳುವುದಿಲ್ಲ. ಎಲ್ಲರೂ ಅದನ್ನು ಹಿರಿಯರ ಹಟವೆಂದು ನಗುತ್ತಿದ್ದರು. ಈ ಸಲ ಅಳತೆ ತೆಗೆಯುವ ಮೊದಲು ಅವರನ್ನೇ ಕೇಳಿದೆವು. ‘ತಲಿ ಮ್ಯಾಲಿಂದ ಹಾಕ್ಕೊಳ್ಳಾಕ ಕೈ ಎತ್ತಾಕ ಬರೂದಿಲ್ಲವಾ. ಮತ್ತ ಈ ಕರಡಿಗಿ ಒಳಗ ಸಿಕ್ಕೊಂತೈತಿ’ ಎಂದರು. ಹಟವೂ ಅಲ್ಲ, ಏನೂ ಅಲ್ಲ. ಭುಜದ ಕೀಲು ಹಿಡಿದಿರುವುದರಿಂದ ಕೈ ಮೇಲೇರುವುದಿಲ್ಲ. ಮುಚ್ಚುಗೊರಳಿನ ಸ್ವೆಟರ್ ಎಳೆದುಕೊಳ್ಳುವಾಗ ಶಿವದಾರ ತೊಡಕುತ್ತದೆ, ಕರಡಿಗೆ ಎದೆಗೆ ಒತ್ತುತ್ತದೆ, ಪೂಜೆಯ ಹೊತ್ತಿಗೆ ಅದನ್ನು ಹೊರತೆಗೆಯಬೇಕಾದರೆ ಚಳಿಯಲ್ಲಿ ಸ್ವೆಟರನ್ನೇ ಬಿಚ್ಚಬೇಕು. ಇಷ್ಟು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ, ಕೊಟ್ಟವರ ಮನಸ್ಸು ನೋಯಬಾರದೆಂದು.

ಆದ್ದರಿಂದ ಮುಂದೆ ತೆರೆದಿರುವ, ತೋಳಿಲ್ಲದ, ದೊಡ್ಡ ಗುಂಡಿಗಳ ಸ್ವೆಟರ್ ಎಂದು ನಿಶ್ಚಯವಾಯಿತು. ಇಷ್ಟಲಿಂಗ ಧರಿಸುವ ಹಿರಿಯರಿರುವ ಮನೆಗಳಲ್ಲಿ ಹೆಣೆಯುವ ಸಹೋದರಿಯರು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ. ಹೊಲಿಗೆ ಪುಸ್ತಕಗಳಲ್ಲಿ ಎದೆ, ಸೊಂಟ, ಕಂಕುಳ ಎಂದು ಅಳತೆ ಹೇಳಿರುತ್ತಾರೆ. ಕರಡಿಗೆಯ ಜಾಗವನ್ನು ಯಾರೂ ಹೇಳಿರುವುದಿಲ್ಲ. ಎದೆಯ ಸುತ್ತಳತೆಯ ಮೇಲೆ ೮ ಸೆಂಟಿಮೀಟರ್ ಸಡಿಲ ಬಿಟ್ಟರೆ ಒಳಗೆ ಅಂಗಿಯೂ ಕರಡಿಗೆಯೂ ನೆಮ್ಮದಿಯಾಗಿ ಇರುತ್ತವೆ. ಮೊದಲ ಗುಂಡಿ ಕರಡಿಗೆಗಿಂತ ಕೆಳಗೆ ಬರಲಿ.

ಅಳತೆ ಎಂದಾಗ ಒಂದು ಲೆಕ್ಕ ಹೇಳಲೇಬೇಕು, ಏಕೆಂದರೆ ಹೆಣೆಯುವವರ ಅರ್ಧ ಕಣ್ಣೀರು ಹುಟ್ಟುವುದು ಇಲ್ಲಿಯೇ. ಮೊದಲು ಅದೇ ದಾರ, ಅದೇ ಕಡ್ಡಿಯಿಂದ ಅಂಗೈ ಅಗಲಕ್ಕಿಂತ ತುಸು ದೊಡ್ಡದಾದ ಒಂದು ಮಾದರಿ ತುಂಡನ್ನು ಹೆಣೆದು, ೧೦ ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಬರುತ್ತವೆಂದು ಎಣಿಸಬೇಕು. ಮಾವನವರ ಎದೆ ೯೬ ಸೆಂ.ಮೀ., ಸಡಿಲ ಸೇರಿ ೧೦೪. ಬೆನ್ನಿನ ಭಾಗಕ್ಕೆ ೫೨. ನಮ್ಮ ಕೈಗೆ ೧೦ ಸೆಂ.ಮೀ.ಗೆ ೨೨ ಕುಣಿಕೆ ಬಂದವು. ಎಂದರೆ ೧೧೪ ಕುಣಿಕೆ. ಇದೇ ೧೧೪ನ್ನು ಸ್ವಲ್ಪ ಸಡಿಲ ಕೈಯವರು, ೧೦ ಸೆಂ.ಮೀ.ಗೆ ೨೦ ಬರುವವರು ಹಾಕಿದರೆ ಬೆನ್ನು ೫೭ ಸೆಂ.ಮೀ. ಆಗುತ್ತದೆ, ಮುಂಭಾಗವೂ ಸೇರಿದರೆ ಸ್ವೆಟರ್ ಸುಮಾರು ೧೦ ಸೆಂ.ಮೀ. ದೊಡ್ಡದು. ಕೇವಲ ಎರಡು ಕುಣಿಕೆಯ ವ್ಯತ್ಯಾಸಕ್ಕೆ! ಪಕ್ಕದ ಮನೆಯವರಿಗೆ ಚೆಂದ ಕೂತ ಲೆಕ್ಕ ನಮಗೇಕೆ ಕೂರಲಿಲ್ಲ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇದೇ ಆಗಿರುತ್ತದೆ.

ಕಡ್ಡಿಯ ನಂಬರಿನದು ಇನ್ನೊಂದು ಗೊಂದಲ. ನಾವೆಲ್ಲ ಕಲಿತ ಹಳೆಯ ಬ್ರಿಟಿಷ್ ಕ್ರಮದಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ: ೮ ಎಂದರೆ ೪ ಮಿಲಿಮೀಟರ್, ೧೦ ಎಂದರೆ ಮೂರೂಕಾಲು, ೧೨ ಎಂದರೆ ಎರಡೂಮುಕ್ಕಾಲು. ಅಮೆರಿಕದ ಕ್ರಮ ಇದಕ್ಕೆ ತಿರುಗುಮುರುಗು. ಅಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ದಪ್ಪವಾಗುತ್ತದೆ, ಅವರ ೮ ನಮ್ಮ ೪ ಮಿ.ಮೀ. ಅಲ್ಲ, ೫ ಮಿ.ಮೀ. ಅಲ್ಲಿ ನೆಲೆಸಿರುವ ಮೈದುನನ ಮಗಳು ಮೊಬೈಲಿನಲ್ಲಿ ಒಂದು ಸೊಗಸಾದ ವಿನ್ಯಾಸ ಕಳಿಸಿದ್ದಳು. ಅದರಲ್ಲಿ ಬರಿಯ ನಂಬರು ಇತ್ತು, ಮಿಲಿಮೀಟರ್ ಇರಲಿಲ್ಲ. ಈಗ ಮಕ್ಕಳು ಪರದೇಶದಿಂದ ಇಂಥವನ್ನು ಕಳಿಸುವ ಕಾಲ; ಕಡ್ಡಿಯ ಗಾತ್ರವನ್ನು ಮಿಲಿಮೀಟರಿನಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮಾವನವರ ಸ್ವೆಟರ್ ದೀಪಾವಳಿಗೆ ಮುಗಿಯಬೇಕಿತ್ತು. ಬೆನ್ನು ಮುಗಿಯಿತು, ಬಲಗಡೆಯ ಮುಂಭಾಗ ಮುಗಿಯಿತು. ಆಗ ಅವರು, ಹಿಂದೆಂದೂ ಏನನ್ನೂ ಬೇಡದವರು, ಮೆಲ್ಲಗೆ ಎರಡು ಬೇಡಿಕೆ ಇಟ್ಟರು. ಕನ್ನಡಕ ಮತ್ತು ವಿಭೂತಿಯ ಗಟ್ಟಿ ಇಡಲು ಒಂದು ಕಿಸೆ. ಕುಳಿತಾಗ ಸೊಂಟ ಬಯಲಾಗದಂತೆ ನಾಲ್ಕು ಬೆರಳು ಹೆಚ್ಚು ಉದ್ದ. ಕೇಳಿದ್ದು ನ್ಯಾಯವಾಗಿತ್ತು, ಆದರೆ ತಂದ ದಾರ ಸಾಲದಾಯಿತು. ಅಂಗಡಿಗೆ ಹೋದರೆ ಬಣ್ಣದ ನಂಬರು ಅದೇ, ಕಂಪನಿ ಅದೇ. ಬಣ್ಣ ಹಾಕಿದ ತಂಡ ಮಾತ್ರ ಬೇರೆ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಬಣ್ಣದ ನಂಬರಿನ ಪಕ್ಕದಲ್ಲಿ ‘ಲಾಟ್’ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಅಂಗಡಿಯ ದೀಪದಡಿಯಲ್ಲಿ ಎರಡೂ ಒಂದೇ ಎನಿಸಿದರೂ ಅಂಗಳದ ಬಿಸಿಲಿಗೆ ಹಿಡಿದರೆ ಒಂದು ಬೂದಿ, ಇನ್ನೊಂದು ತುಸು ನೀಲಿ ಮಿಶ್ರಿತ ಬೂದಿ. ಎದೆಯ ನಡುವೆ ಪಟ್ಟೆ ಎದ್ದು ಕಾಣುವುದು ಖಚಿತವಿತ್ತು.

ಎರಡು ವಾರ ಆ ಸ್ವೆಟರ್ ಮೂಲೆಯಲ್ಲಿ ಬಿದ್ದಿತ್ತು ಎಂದು ಹೇಳಲು ಸಂಕೋಚವಿಲ್ಲ. ಪರಿಹಾರ ಸೂಚಿಸಿದವರು ಅತ್ತೆಯವರು. ಕಿಸೆ, ಕೆಳಗಿನ ಹೆಚ್ಚುವರಿ ಅಂಚು, ಗುಂಡಿಯ ಪಟ್ಟಿ, ಕೊರಳಪಟ್ಟಿ ಇಷ್ಟನ್ನೂ ಹೊಸ ದಾರದಿಂದಲೇ ಹೆಣೆದರಾಯಿತು. ಎಲ್ಲ ಅಂಚುಗಳೂ ಒಂದೇ ಬಣ್ಣವಾದರೆ ಅದು ಕೊರತೆಯಂತೆ ಕಾಣದೆ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಹಾಗೆಯೇ ಆಯಿತು. ಸಂಕ್ರಮಣದ ಹಿಂದಿನ ದಿನ, ಭೋಗಿಯ ಬೆಳಿಗ್ಗೆ ಮಾವನವರು ಅದನ್ನು ತೊಟ್ಟರು. ಚೆನ್ನಾಗಿದೆ ಎಂದೇನೂ ಅನ್ನಲಿಲ್ಲ. ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ.

ಇಲ್ಲಿ ಒಂದು ಧರ್ಮಸಂಕಟವಿದೆ. ಲಾಟ್ ಬದಲಾಗುವ ಭಯಕ್ಕೆ ಒಂದೆರಡು ಉಂಡೆ ಹೆಚ್ಚಾಗಿಯೇ ತರಬೇಕೆಂದು ಅನುಭವ ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ವಂಶದವರು ನಾವು; ಹೆಚ್ಚು ತಂದು ಪೆಟ್ಟಿಗೆ ತುಂಬುವುದು ಹೇಗೆ? ಪಟ್ಟಿ ಹರಿಯದ ಉಂಡೆಗಳನ್ನು ತಿಂಗಳೊಳಗೆ ಮರಳಿ ತೆಗೆದುಕೊಳ್ಳುವ ಅಂಗಡಿಕಾರರಿದ್ದಾರೆ. ಮೊದಲೇ ಕೇಳಿ, ಅಂಥವರಲ್ಲಿ ಕೊಳ್ಳುವುದು ಒಳ್ಳೆಯದು. ಪಟ್ಟಿ ಹರಿದು ಉಳಿದ ದಾರ ಸಣ್ಣ ಕುಲಾವಿಗಳಿಗೆ, ಕಾಲುಚೀಲಗಳಿಗೆ ಆಗುತ್ತದೆ. ಅದಕ್ಕೆ ಎಂಥ ಬೆಲೆಯಿದೆ ಎಂಬುದು ನಮಗೆ ಈ ವರ್ಷ ತಿಳಿಯಿತು.

ಎರಡನೆಯ ಹೆಣಿಗೆ ಮಗಳ ಕೂಸಿನದು. ಹೆರಿಗೆಗೆ ಮಗಳು ತವರಿಗೆ ಬಂದಿದ್ದಳು. ಪುಷ್ಯಮಾಸದ ಕೊನೆಗೆ ದಿನ ತುಂಬುವುದೆಂದು ವೈದ್ಯರು ಹೇಳಿದ್ದರು. ಚಳಿಗಾಲದ ಕೂಸು, ಆದ್ದರಿಂದ ಮುಂದೆ ತೆರೆಯುವ ಸ್ವೆಟರ್, ಕುಲಾವಿ, ಕಾಲುಚೀಲ ಎಂದು ಒಂದು ಜೊತೆ ಸಿದ್ಧವಾಗುತ್ತಿತ್ತು. ಬಿಳಿ ದಾರ, ಅಂಚಿಗೆ ತೆಳು ಹಳದಿ. ಆಗ ಬೀಗಿತಿಯವರು ಬಂದವರು ಅದನ್ನು ನೋಡಿ ಮುಖ ಸಣ್ಣದು ಮಾಡಿದರು. ಕೂಸು ಹುಟ್ಟುವ ಮುನ್ನ ಅದರ ಅರಿವೆ ಸಿದ್ಧಮಾಡಬಾರದೆಂಬುದು ಅವರ ಮನೆಯ ನಂಬಿಕೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಈ ನಂಬಿಕೆಯುಂಟು. ಶಕುನ, ತಿಥಿ, ಮುಹೂರ್ತಗಳನ್ನು ಬದಿಗಿಟ್ಟು ನಡೆದವರು ಬಸವಾದಿ ಶರಣರು; ಅವರ ಹೆಸರು ಹೇಳುವ ನಾವು ಕೂಸಿನ ಕುಲಾವಿಗೆ ಅಂಜುವುದು ಸರಿಯಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಆ ತಾಯಿ ತಮ್ಮ ಎರಡು ಕೂಸುಗಳನ್ನು ಕಳೆದುಕೊಂಡವರು. ಅವರ ಅಂಜಿಕೆ ಶಾಸ್ತ್ರದಿಂದ ಬಂದುದಲ್ಲ. ವಾದ ಮಾಡಲಿಲ್ಲ. ಅವರೆದುರು ಹೆಣೆಯುವುದನ್ನು ನಿಲ್ಲಿಸಿದೆವು, ಹೆಣೆಯುವುದನ್ನು ನಿಲ್ಲಿಸಲಿಲ್ಲ.

ಕೂಸು ಪುಷ್ಯದ ಕೊನೆಯವರೆಗೆ ಕಾಯಲಿಲ್ಲ. ನಾಲ್ಕು ವಾರ ಮೊದಲೇ, ಒಂದು ರಾತ್ರಿ ಹುಟ್ಟಿತು. ಹೆಣ್ಣು ಕೂಸು, ತೂಕ ೨ ಕಿಲೋ ೧೦೦ ಗ್ರಾಂ. ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಗುವ ಕೂಸುಗಳನ್ನು ಕಡಿಮೆ ತೂಕದವೆಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಮೈಯಲ್ಲಿ ಕೊಬ್ಬು ಇರುವುದಿಲ್ಲವಾದ್ದರಿಂದ ಅವು ಬೇಗ ತಣ್ಣಗಾಗುತ್ತವೆ, ಅದರಲ್ಲಿಯೂ ತಲೆಯಿಂದ ಶಾಖ ಬಹಳ ಹೋಗುತ್ತದೆ. ತಾಯಿಯ ಬರಿಯ ಎದೆಗೆ ಕೂಸನ್ನು ಅವುಚಿ ಕಟ್ಟಿ ಬೆಚ್ಚಗಿಡುವ ‘ಕಾಂಗರೂ ಆರೈಕೆ’ಯನ್ನು ವೈದ್ಯರು ಹೇಳಿಕೊಟ್ಟರು. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಆರಂಭವಾದ ಪದ್ಧತಿಯಂತೆ ಇದು. ಕೂಸಿನ ಮೈಮೇಲೆ ಲಂಗೋಟಿ, ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ ಇಷ್ಟೇ. ಮೂರು ತಿಂಗಳು ಕುಳಿತು ಹೆಣೆದ ಆ ಸುಂದರ ಸ್ವೆಟರಿಗೆ ಅಲ್ಲಿ ಕೆಲಸವೇ ಇರಲಿಲ್ಲ. ದಿನ ತುಂಬಿದ ಕೂಸಿನ ತಲೆ ಸಾಮಾನ್ಯವಾಗಿ ೩೪, ೩೫ ಸೆಂ.ಮೀ. ಇರುತ್ತದೆಂದು ಆ ಲೆಕ್ಕಕ್ಕೆ ಹೆಣೆದ ಕುಲಾವಿ ಈ ಕೂಸಿನ ಕಣ್ಣು ಮೂಗುಗಳ ಮೇಲೆ ಜಾರುತ್ತಿತ್ತು. ಅದು ಅಪಾಯ; ಉಸಿರಿಗೆ ಅಡ್ಡಬರಬಹುದು.

ದಾದಿಯೊಬ್ಬರು ಟೇಪು ಹಿಡಿದು ತಲೆಯ ಸುತ್ತಳತೆ ಹೇಳಿದರು: ೩೧. ಕುಲಾವಿ ತಲೆಗಿಂತ ತುಸು ಕಿರಿದಾಗಿದ್ದರೆ ಹಿಗ್ಗಿ ಕೂರುತ್ತದೆ, ಬಿಗಿಯೂ ಆಗಬಾರದು. ಸಣ್ಣ ದಾರದಲ್ಲಿ ೧೦ ಸೆಂ.ಮೀ.ಗೆ ೨೪ ಕುಣಿಕೆ ಬರುತ್ತಿದ್ದುದರಿಂದ ಇಪ್ಪತ್ತೇಳೂವರೆ ಸೆಂ.ಮೀ.ಗೆ ೬೬ ಕುಣಿಕೆ. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತು, ಬಣ್ಣವಿಲ್ಲ, ಬಳ್ಳಿಯಿಲ್ಲ, ಒಂದು ಸುಲ್ಟಾ ಒಂದು ಉಲ್ಟಾ ಎಂದು ಹೆಣೆದೆವು. ಶ್ರಾವಣದ ಪುರಾಣದಲ್ಲಿ ಕೈಗೆ ಕೂತಿದ್ದ ಆ ಸರಳ ಹೆಣಿಗೆಗೆ ಅಂದು ಬೆಳಕೂ ಬೇಕಾಗಲಿಲ್ಲ, ಎಣಿಕೆಯೂ ಬೇಕಾಗಲಿಲ್ಲ. ಮೂರು ತಾಸಿನಲ್ಲಿ ಮುಗಿಯಿತು. ಪಕ್ಕದಲ್ಲಿ ಕುಳಿತಿದ್ದವರು ಬೀಗಿತಿಯವರು. ಉಂಡೆ ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ದಾರ ಬಿಡುತ್ತಿದ್ದರು; ಮಾತಾಡಲಿಲ್ಲ. ಕೊನೆಯ ಕುಣಿಕೆ ಮುಚ್ಚಿದಾಗ ‘ಇನ್ನೊಂದು ಹೆಣೀರಿ, ತೊಯ್ದರ ಬದಲಿಗೆ ಬೇಕು’ ಎಂದರು.

ಕೂಸು ಈಗ ಮೂರು ಕಿಲೋ ದಾಟಿದೆ, ತೊಟ್ಟಿಲಲ್ಲಿದೆ, ಶಿವನ ದಯೆ. ಆ ಬಿಳಿ ಸ್ವೆಟರ್ ಹೋದ ವಾರ ಮೊದಲ ಸಲ ಮೈಗೆ ಏರಿತು. ಹಸುಗೂಸುಗಳಿಗೆ ಹೆಣೆಯುವ ಸಹೋದರಿಯರಿಗೆ ನಾಲ್ಕು ಮಾತು ಹೇಳಬೇಕೆನಿಸುತ್ತದೆ. ಕೈಗವಸಿನ ಒಳಗಡೆ ತೇಲಿದ ದಾರದ ಎಳೆ ಉಳಿದರೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಸಂಚಾರವನ್ನೇ ನಿಲ್ಲಿಸಬಲ್ಲದು. ತಿರುವಿ ನೋಡದೆ ತೊಡಿಸಬಾರದು. ಕುಲಾವಿಗೆ ಉದ್ದನೆಯ ಲಾಡಿ ಬೇಡ, ಕೊರಳಿಗೆ ತೊಡಕುತ್ತದೆ. ತೂತು ತೂತಿನ ಜಾಳಿಗೆಯ ವಿನ್ಯಾಸ ನೋಡಲು ಚೆಂದ, ಆದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೂಸು ತೂಕ ಹಿಡಿದ ಮೇಲೆ ಮನೆಯೊಳಗೆ ಮಲಗಿದಾಗ ಕುಲಾವಿ ತೆಗೆಯಬೇಕೆಂದು ನಮಗೆ ವೈದ್ಯರು ಹೇಳಿದ್ದಾರೆ. ಸೆಕೆಯಾಯಿತೆಂದು ಕೂಸು ಹೇಗೆ ಹೇಳೀತು?

ಎಲ್ಲಕ್ಕಿಂತ ಮುಖ್ಯವಾದುದು ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ನಮ್ಮ ಕೈಗೆ ಬರುವುದು ಬಹುಮಟ್ಟಿಗೆ ಆಕ್ರಿಲಿಕ್ ದಾರ. ಪಂಜಾಬಿನ ಲುಧಿಯಾನ ಈ ದಾರಕ್ಕೂ ಸ್ವೆಟರುಗಳಿಗೂ ಹೆಸರಾದ ಊರು. ಅಗ್ಗ, ಹಗುರ, ಬಣ್ಣ ಬಿಡುವುದಿಲ್ಲ, ಒಗೆಯಲು ಸುಲಭ; ದೂರುವಂತಿಲ್ಲ. ಆದರೆ ಅದು ಕುರಿಯ ಉಣ್ಣೆಯಲ್ಲ, ರಾಸಾಯನಿಕದಿಂದ ತೆಗೆದ ನೂಲು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಆಕ್ರಿಲಿಕ್ ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತದೆ. ಕೂಸಿಗೆ ಕಾಸುವಾಗ, ಲೋಬಾನದ ಹೊಗೆ ಹಾಕುವಾಗ ಅದನ್ನು ತೊಡಿಸಿರಲೇಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವ ರೂಢಿಯನ್ನಂತೂ ಬಿಡುವುದೇ ಲೇಸು. ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಸಿನ ಬರಿಮೈಗೆ ಮೊದಲು ಮೆತ್ತನೆಯ ಹತ್ತಿಯ ಅಂಗಿ, ಅದರ ಮೇಲೆ ಹೆಣೆದದ್ದು. ಇನ್ನು ನಿಜವಾದ ಉಣ್ಣೆಯಲ್ಲಿ ಹೆಣೆದವರು ಬಿಸಿನೀರಿನಲ್ಲಿ ತಿಕ್ಕಿ ಒಗೆಯಬಾರದು, ಕುಗ್ಗಿ ಗಟ್ಟಿಯಾಗುತ್ತದೆ. ತೂಗುಹಾಕದೆ ನೆರಳಿನಲ್ಲಿ ಹಾಸಿ ಒಣಗಿಸಬೇಕು.

ಮೂರನೆಯ ಹೆಣಿಗೆಯನ್ನು ಆರಂಭಿಸಿದವರು ನಾವಲ್ಲ, ನಮ್ಮ ಅತ್ತೆಯವರು. ಮನೆಗೆ ಸೊಸೆಯಾಗಿ ಬಂದ ವರ್ಷವೇ ನಮಗೆ ಕಡ್ಡಿ ಹಿಡಿಯಲು ಕಲಿಸಿದವರು ಅವರು. ೧೨ ವರ್ಷದ ಮೊಮ್ಮಗನಿಗೆಂದು ಕೆಂಪು ದಾರ ತಂದು ಹೆಣೆಯತೊಡಗಿದ್ದರು. ಮೊಮ್ಮಗನಿಗೆ ಬೇಕಾಗಿದ್ದುದು ಜಿಪ್ಪು ಇರುವ, ಹಿಂದೆ ಟೋಪಿ ತೂಗುವ ಪೇಟೆಯ ಜಾಕೀಟು. ಶಾಲೆಗಾದರೋ ಕಡುನೀಲಿ ಬಿಟ್ಟು ಬೇರೆ ಬಣ್ಣ ನಡೆಯುವುದಿಲ್ಲ. ಇಷ್ಟು ತಿಳಿದೂ ಅತ್ತೆಯವರು ಕೆಂಪನ್ನೇ ಹಿಡಿದರು. ಬೆನ್ನು ಮುಗಿಸಿ, ಮುಂಭಾಗವನ್ನು ಕಂಕುಳವರೆಗೆ ತಂದ ಹೊತ್ತಿಗೆ ಅವರ ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಲೋಟ ಹಿಡಿಯುವುದೂ ಕಷ್ಟ. ಕೀಲುವಾತವೆಂದು ವೈದ್ಯರು ಔಷಧ ಬರೆದುಕೊಟ್ಟು, ಹೆಣಿಗೆಯನ್ನು ಪೂರ್ತಿ ಬಿಡಬೇಕಿಲ್ಲ, ೨೦ ನಿಮಿಷಕ್ಕೊಮ್ಮೆ ಕೈಗೆ ವಿರಾಮ ಕೊಡಿ ಎಂದರು. ಉಕ್ಕಿನ ಕಡ್ಡಿಯ ಬದಲು ಹಗುರವಾದ ಬಿದಿರಿನ ಕಡ್ಡಿ ತಂದೆವು. ನಡುವೆ ತಂತಿಯಿರುವ ಜೋಡುಕಡ್ಡಿಯನ್ನೂ ತಂದೆವು. ಅದರಲ್ಲಿ ಹೆಣಿಗೆಯ ಭಾರ ಕೈಯ ಬದಲು ಮಡಿಲ ಮೇಲೆ ಬೀಳುತ್ತದೆ. ಒಂದು ವಾರ ಪ್ರಯತ್ನಪಟ್ಟರು. ಆಮೇಲೆ ಒಂದು ದಿನ ಆ ಕೆಂಪು ಹೆಣಿಗೆಯನ್ನು ನಮ್ಮ ಮುಂದಿಟ್ಟು ‘ನೀನ ಮುಗಸವಾ’ ಎಂದು ಒಳಗೆ ಹೋದರು.

ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹೆಣೆಯುವುದು ಸುಲಭವೆಂದು ತಿಳಿಯಬೇಡಿ. ದಾರ, ಕಡ್ಡಿ, ಲೆಕ್ಕ ಎಲ್ಲ ಒಂದೇ ಇದ್ದರೂ ಕೈ ಬೇರೆ. ಅತ್ತೆಯವರದು ಬಿಗಿ ಕೈ; ನಮ್ಮದು ಸಡಿಲ. ನಾವು ಹೆಣೆದ ಮೊದಲ ಎರಡು ಸಾಲು ಅಲೆಯಂತೆ ಉಬ್ಬಿ ನಿಂತವು. ಹತ್ತನೆಯ ನಂಬರಿನ ಕಡ್ಡಿ ಬಿಟ್ಟು ಹನ್ನೊಂದನೆಯದನ್ನು, ಎಂದರೆ ಒಂದು ಗಾತ್ರ ತೆಳುವಾದುದನ್ನು ಹಿಡಿದ ಮೇಲೆ ಬಹುತೇಕ ಹೊಂದಿಕೊಂಡಿತು. ಆದರೂ ಎದೆಯ ಮೇಲೆ, ಕಂಕುಳ ನೇರಕ್ಕೆ, ಒಂದು ಸಣ್ಣ ಗೆರೆ ಉಳಿಯಿತು. ಬಲ್ಲವರ ಕಣ್ಣಿಗೆ ಅದು ಕಾಣುತ್ತದೆ.

ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಒಂದೇ ಕೈಯಲ್ಲಿ ಹೆಣೆಯಿರೆಂದು ಮನೆಯಲ್ಲಿ ಸಲಹೆ ಬಂತು. ಅದು ಕಷ್ಟದ ಕೆಲಸವಲ್ಲ. ಬಿಚ್ಚಿದ ಉಣ್ಣೆಯನ್ನು ಕುರ್ಚಿಯ ಬೆನ್ನಿಗೆ ಲ್ಯಾಳಿಯಾಗಿ ಸುತ್ತಿ, ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ತುಸು ಭಾರ ಕಟ್ಟಿ ತೂಗುಬಿಟ್ಟರೆ ಸುಕ್ಕು ಹೋಗಿ ನೇರವಾಗುತ್ತದೆ. ಹಳೆಯ ಸ್ವೆಟರುಗಳನ್ನು ಎಷ್ಟೋ ಸಲ ಹೀಗೆ ಹೊಸದು ಮಾಡಿದ್ದೇವೆ. ಅತ್ತೆಯವರೂ ‘ಬಿಚ್ಚಿಬಿಡು, ನಂದು ಬಿಗಿ ಆಗೇತಿ, ಹುಡುಗಗ ಚುಚ್ಚತೈತಿ’ ಎಂದರು. ಬಿಚ್ಚಲಿಲ್ಲ. ಅಂಗಡಿಯ ಮಾಲಾಗಿದ್ದರೆ ಆ ಗೆರೆ ದೋಷ. ಕೊಂಡವರು ಮರಳಿ ತಂದುಕೊಡುತ್ತಿದ್ದರು. ಇದು ಮಾಲಲ್ಲ. ಆ ಗೆರೆಯ ಕೆಳಗಿನದೆಲ್ಲ ಅವರ ಕೈಯ ಕೊನೆಯ ದೊಡ್ಡ ಹೆಣಿಗೆ ಆಗಿರಲೂಬಹುದು. ಅದನ್ನು ನೀರಿನಲ್ಲಿ ಅದ್ದಿ ನೇರಮಾಡುವ ಅಧಿಕಾರ ನಮಗಿದೆ ಎಂದು ನಮಗೆ ಅನಿಸಲಿಲ್ಲ.

ತೋಳುಗಳನ್ನು ಮಾತ್ರ ಮೊಮ್ಮಗನ ಬೆಳವಣಿಗೆ ನೋಡಿ ಬೇರೆ ರೀತಿಯಲ್ಲಿ ಹೆಣೆಯುತ್ತಿದ್ದೇವೆ. ಮಣಿಕಟ್ಟಿನಿಂದ ಮೇಲಕ್ಕೆ ಹೆಣೆದು ಹೊಲಿಯುವುದು ಸಾಮಾನ್ಯ ಕ್ರಮ. ಅದರ ಬದಲು ಭುಜದ ಅಂಚಿನಿಂದ ಕುಣಿಕೆ ಎತ್ತಿಕೊಂಡು ಕೆಳಮುಖವಾಗಿ ಹೆಣೆದರೆ ಮುಗಿಸಿದ ತುದಿ ಮಣಿಕಟ್ಟಿನಲ್ಲಿರುತ್ತದೆ. ಮುಗಿಸಿದ ತುದಿಯಿಂದ ದಾರ ಸಲೀಸಾಗಿ ಬಿಚ್ಚುತ್ತದೆ, ಆರಂಭದ ತುದಿಯಿಂದ ಹಾಗೆ ಬಿಚ್ಚುವುದಿಲ್ಲ. ಮುಂದಿನ ವರ್ಷ ಹುಡುಗ ಎರಡು ಅಂಗುಲ ಬೆಳೆದರೆ ಅಂಚುಪಟ್ಟಿಯನ್ನಷ್ಟೇ ಬಿಚ್ಚಿ, ಎರಡು ಅಂಗುಲ ಹೆಣೆದು, ಮತ್ತೆ ಪಟ್ಟಿ ಹಾಕಬಹುದು. ಬೆಳೆಯುವ ಮಕ್ಕಳಿರುವ ಮನೆಗಳಿಗೆ ಇದನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇವೆ. ಜಿಪ್ಪಿನ ಬೇಡಿಕೆಯನ್ನು ಒಪ್ಪಲಿಲ್ಲ. ಹೆಣಿಗೆ ಹಿಗ್ಗುತ್ತದೆ, ಜಿಪ್ಪು ಹಿಗ್ಗುವುದಿಲ್ಲ, ಎರಡನ್ನೂ ಕೂಡಿಸಿದರೆ ಎದೆಯ ಮೇಲೆ ಹಾವು ಹರಿದಂತೆ ಡೊಂಕಾಗುತ್ತದೆ. ಕೊರಳಪಟ್ಟಿಯನ್ನು ಅತ್ತೆಯವರಿಗೇ ಬಿಟ್ಟಿದ್ದೇವೆ. ದಿನಕ್ಕೆ ಎರಡು ಸಾಲಿನಂತೆ, ಮಧ್ಯಾಹ್ನದ ಬಿಸಿಲಿಗೆ ಬೆರಳು ಸಡಿಲವಾದ ಮೇಲೆ ಹೆಣೆಯುತ್ತಾರೆ. ಕೊರಳನ್ನು ಮುಚ್ಚುವಾಗ ಕುಣಿಕೆ ಸಡಿಲವಾಗಿರಬೇಕು, ಇಲ್ಲದಿದ್ದರೆ ತಲೆ ತೂರುವುದಿಲ್ಲ ಎಂದು ನಮಗೆ ಹೇಳಿಕೊಟ್ಟವರು ಅವರೇ. ಈಗ ಪ್ರತಿ ಹತ್ತು ಕುಣಿಕೆಗೊಮ್ಮೆ ‘ಬಿಗಿ ಆತೇನು ನೋಡು’ ಎಂದು ನಮ್ಮನ್ನು ಕೇಳುತ್ತಾರೆ.

ಮೊಮ್ಮಗ ಮೊನ್ನೆ ಅಳತೆಗೆಂದು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಒಂದು ತೋಳಿತ್ತು, ಇನ್ನೊಂದು ಇರಲಿಲ್ಲ. ಎದೆಯ ಆ ಗೆರೆಯ ಮೇಲೆ ಬೆರಳಾಡಿಸಿ, ‘ಇಲ್ಲಿತನಕ ಅಮ್ಮಂದೇನು?’ ಎಂದು ಕೇಳಿದ. ಹೌದೆಂದೆವು. ಶಾಲೆಗೆ ಹಾಕಿಕೊಂಡು ಹೋಗಲು ಬರುವುದಿಲ್ಲವಲ್ಲ ಎಂದು ಮತ್ತೊಮ್ಮೆ ಗೊಣಗಿದ. ಶಿವರಾತ್ರಿಯ ಜಾಗರಣೆಗೆ ಮಠಕ್ಕೆ ಹೋಗುವಾಗ ತೊಡುತ್ತೇನೆ, ಅಷ್ಟರೊಳಗೆ ಮುಗಿಸಿಕೊಡಿ ಎಂದ.

ಎಡದೋಳು ಮೊಣಕೈಯವರೆಗೆ ಬಂದಿದೆ. ಕೆಂಪು ದಾರ ಒಂದೂವರೆ ಉಂಡೆ ಉಳಿದಿದೆ, ಅದೂ ಒಂದೇ ಲಾಟಿನದು. ಮುಂದಿನ ಸಂಚಿಕೆಯ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಶಾವಿಗೆ, ಹಪ್ಪಳ, ಸಂಡಿಗೆಗಳ ವಿಷಯ ಬರೆಯುವೆವು.